ಮನೆಯಲ್ಲಿ ಕಾಯಿಲೆ, ದುಡ್ಡಿನ ತಾಪತ್ರಯ ಇರುವಾಗ ಬರವಣಿಗೆ, ಕಲೆ ಉಳಿಸಿಕೊಳ್ಳುವುದು ಹೇಗೆ?

ನೀವು ಬರೆದಿರುವುದನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಮದ್ದೂರಿನ ಹತ್ತಿರ ಊರು, ಮಂಡ್ಯದಲ್ಲಿ ಕೆಲಸ. ಅಪ್ಪನಿಗೆ ಪಾರ್ಶ್ವವಾಯು ಆದಾಗಿನಿಂದ ಒಂದು ಕಥೆಯೂ ಮುಗಿದಿಲ್ಲ. ಬರೆಯಲು ಕೂತರೆ ಅಪ್ಪನನ್ನು ಬಿಟ್ಟು ನಿಮ್ಮ ಸುಖ ನೋಡಿಕೊಂಡ ಹಾಗೆ ಅನ್ನಿಸುತ್ತದೆ. ಬರೆಯುವುದನ್ನೇ ಬಿಟ್ಟುಬಿಡಲೇ ಎಂದು ಕೇಳಿದ್ದೀರಿ.

ಬಿಡಬೇಡಿ. ನಾನು ಕಥೆ ಬರೆಯುವವಳಲ್ಲ, ಮೈಸೂರಿನಲ್ಲಿ ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ ಬರೆದು ಜೀವನ ಮಾಡುವವಳು. ಅಮ್ಮನ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಹೋಗುವುದು, ಬರುವುದು, ಬಂದ ಮೇಲೆ ಅಮ್ಮನ ಸುಸ್ತು ಎಲ್ಲ ಸೇರಿದರೆ ಇಡೀ ದಿನ ಅದಕ್ಕೇ ಸರಿಹೋಗುತ್ತದೆ. ಬೆಳಿಗ್ಗೆ ನನ್ನ ಮೊದಲ ಕೆಲಸ ಅಮ್ಮನ ಎಡಗೈ ಫಿಸ್ಟುಲಾ (ಡಯಾಲಿಸಿಸ್‌ಗೆಂದು ಆಪರೇಷನ್ ಮಾಡಿ ರಕ್ತನಾಳಗಳನ್ನು ಜೋಡಿಸಿದ ಜಾಗ) ಮೇಲೆ ಬೆರಳಿಟ್ಟು ನೋಡುವುದು. ಒಳಗೆ ರಕ್ತ ಸರಿಯಾಗಿ ಹರಿಯುತ್ತಿದ್ದರೆ ಬೆರಳಿಗೆ ಜುಮ್ ಅನ್ನುತ್ತದೆ. ಅದು ಸಿಕ್ಕಿದ ಮೇಲೆಯೇ ಉಳಿದದ್ದೆಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಏಳು, ಸಮಯ ತಾನಾಗಿ ಸಿಗುತ್ತೆ ಅನ್ನುವವರು ನಿಮಗೂ ಸಿಕ್ಕಿರುತ್ತಾರೆ. ರಾತ್ರಿ ಎದ್ದೆದ್ದು ಅಪ್ಪನನ್ನು ಮಗ್ಗುಲು ಬದಲಾಯಿಸುವವರಿಗೆ ಆ ಮಾತು ಹೇಳಲೇಬಾರದು ಅಂತ ನನಗೆ ಅನ್ನಿಸುತ್ತದೆ. ನನ್ನನ್ನು ಕಾಪಾಡಿದ್ದು ಬೇರೆಯೇ ಲೆಕ್ಕ. ಯಾವ ಕೆಲಸಕ್ಕೆ ಎಂಥ ಕೈ ಬೇಕು, ಎಂಥ ಮನಸ್ಸು ಬೇಕು ಎಂದು ಕೆಲಸವನ್ನು ಬಿಡಿಸಿಟ್ಟುಕೊಂಡೆ.

ನಮ್ಮ ಚಿತ್ರದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಮೊದಲು ರೇಖೆ. ಆಮೇಲೆ ಆಕಾಶ, ಬೆಟ್ಟ, ಪರದೆ, ಕಂಬಗಳ ಬಣ್ಣ. ಒಡವೆ, ಕಿರೀಟ, ಸೀರೆಯ ಅಂಚು ಬರುವ ಕಡೆ ಗೆಸ್ಸೊ. ಸಫೇದ ಅನ್ನುವ ಬಿಳಿ ಪುಡಿ, ಗೋಂದು, ಹಳದಿ ಮರದಂಟು ಸೇರಿಸಿ ನುಣ್ಣಗೆ ಅರೆದ ಈ ಲೇಪವನ್ನು ಸಣ್ಣ ಬ್ರಷ್ಷಿನಲ್ಲಿ ಎಳೆ ಎಳೆಯಾಗಿ ಎಬ್ಬಿಸಬೇಕು. ತಂಜಾವೂರಿನ ಚಿತ್ರದಲ್ಲಿ ಉಬ್ಬು ದಪ್ಪ, ಕಲ್ಲುಗಳನ್ನೂ ಕೂರಿಸುತ್ತಾರೆ. ನಮ್ಮದರಲ್ಲಿ ಉಬ್ಬು ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಕೈ ಒಂದಿಷ್ಟು ನಡುಗಿದರೂ ಮುತ್ತಿನ ಸರ ಹಗ್ಗವಾಗಿಬಿಡುತ್ತದೆ. ಅದರ ಮೇಲೆ ಚಿನ್ನದ ರೇಕು, ಅಂದರೆ ಬಲು ತೆಳುವಾದ ಹಾಳೆ, ಕೂರಿಸುವಾಗ ಫ್ಯಾನ್ ಹಾಕುವಂತಿಲ್ಲ, ಕಿಟಕಿ ತೆಗೆಯುವಂತಿಲ್ಲ, ಉಸಿರನ್ನೂ ನೋಡಿಕೊಂಡು ಬಿಡಬೇಕು. ಏಪ್ರಿಲ್ ತಿಂಗಳಲ್ಲಿ ಬೆವರು ಹಣೆಯಿಂದ ಹಲಗೆ ಮೇಲೆ ಬೀಳದ ಹಾಗೆ ತಲೆಗೆ ಟವೆಲ್ ಸುತ್ತಿಕೊಂಡು ಕೂರುತ್ತೇನೆ.

ಗೆಸ್ಸೊ, ಚಿನ್ನ, ಮುಖ ಈ ಮೂರನ್ನು ಡಯಾಲಿಸಿಸ್ ಇರುವ ದಿನ ನಾನು ಮುಟ್ಟುವುದೇ ಇಲ್ಲ. ಬಿಡುವಿನ ದಿನ ಅಮ್ಮ ಊಟ ಮಾಡಿ ಮಲಗಿದ ಮೇಲೆ ಸಿಗುವ ಹೊತ್ತು ಅವಕ್ಕೆ ಮೀಸಲು. ಆಸ್ಪತ್ರೆಯಿಂದ ಬಂದ ಸಂಜೆ ಪರದೆಗೆ ಬಣ್ಣ ತುಂಬುತ್ತೇನೆ, ಬಣ್ಣ ಅರೆಯುತ್ತೇನೆ. ಸತ್ತಷ್ಟು ಸುಸ್ತಾಗಿದ್ದರೂ ಅದು ಕೆಡುವುದಿಲ್ಲ. ವಾರ್ಡಿನ ಹೊರಗೆ ಕಾಯುವಾಗ ನೋಟ್‌ಬುಕ್ಕಿನಲ್ಲಿ ಬರೀ ಕೈಗಳನ್ನು ಬರೆಯುತ್ತೇನೆ. ಬೆಂಚಿನ ಮೇಲೆ ಕೂತವರ ಕೈ, ಫೈಲು ಹಿಡಿದ ಕೈ, ಮಡಿಲಲ್ಲಿ ಸುಮ್ಮನೆ ಬಿದ್ದ ಕೈ.

ಕಥೆಯಲ್ಲೂ ಇಂಥ ಭಾಗಗಳು ಇದ್ದೇ ಇರುತ್ತವೆ. ಕಥೆ ತಿರುಗುವ ಜಾಗ ಬರೆಯಲು ತಿಳಿಯಾದ ತಲೆ ಬೇಕು. ಆದರೆ ಬರೆದದ್ದನ್ನು ಟೈಪ್ ಮಾಡುವುದು, ಬಸ್ಸಿನಲ್ಲಿ ಕಿವಿಗೆ ಬಿದ್ದ ಮಾತನ್ನು ಗುರುತು ಹಾಕುವುದು, ಒಂದು ಪಾತ್ರದ ಮನೆಯೊಳಗೆ ಏನೇನಿದೆ ಎಂದು ಬರೆದಿಡುವುದು ಸುಸ್ತಾದ ಸಂಜೆಗೂ ಆಗುತ್ತದೆ. ಒಂದು ಸಾಲೂ ಬರುತ್ತಿಲ್ಲ ಅಂದಿದ್ದೀರಲ್ಲ, ದಣಿದ ಹೊತ್ತಿನಲ್ಲಿ ಅತಿ ಕಷ್ಟದ ಭಾಗಕ್ಕೇ ಕೈ ಹಾಕುತ್ತಿದ್ದೀರಾ ಒಮ್ಮೆ ನೋಡಿಕೊಳ್ಳಿ.

ಇನ್ನೊಂದು ಅಭ್ಯಾಸ. ನಮಗೆ ಯಾವ ಗಳಿಗೆಯಲ್ಲಿ ಕರೆ ಬರುತ್ತದೋ ಗೊತ್ತಿಲ್ಲ. ಅದಕ್ಕೇ ಎದ್ದುಹೋಗುವ ಮುಂಚೆ ಹಲಗೆಗೆ ಒಂದು ಚೀಟಿ ಸಿಕ್ಕಿಸುತ್ತೇನೆ: ‘ಎಡಗೈ ಬಳೆಗೆ ಇನ್ನೊಂದು ಲೇಪ. ಅಂಚಿನ ಹಸಿರು ನೆನ್ನೆ ಕಲೆಸಿದ್ದಲ್ಲ, ಇನ್ನೂ ಗಾಢ.’ ಎಷ್ಟೋ ದಿನ ಬಿಟ್ಟು ಬಂದರೂ ಎಲ್ಲಿಂದ ಶುರು ಮಾಡಲಿ ಎಂದು ದಿಕ್ಕೆಟ್ಟು ಕೂರುವುದು ತಪ್ಪುತ್ತದೆ. ಮುಂದಿನ ಪ್ಯಾರಾದಲ್ಲಿ ಏನು ಬರಬೇಕು ಎಂದು ನೀವೂ ಎರಡು ಸಾಲು ಗೀಚಿಟ್ಟು ಏಳಿ.

ಸ್ವಾರ್ಥದ ಮಾತಿಗೆ ಬರುತ್ತೇನೆ, ನಿಮ್ಮನ್ನು ಹೆಚ್ಚು ಕೊರೆಯುತ್ತಿರುವುದು ಅದೇ ಅನ್ನಿಸಿತು. ಅಮ್ಮನ ಮಂಚ ನನ್ನ ಮೇಜಿಗೆ ಎದುರು. ಒಂದು ಸಂಜೆ, ಎದ್ದು ಕೂರಲೂ ಆಗದ ಸ್ಥಿತಿಯಲ್ಲಿದ್ದವರು ಸರಸ್ವತಿಯ ಚಿತ್ರವನ್ನೇ ಬಹಳ ಹೊತ್ತು ನೋಡಿ, “ಆ ಬೆರಳು ವೀಣೆ ಮೀಟೋ ಬೆರಳಲ್ಲ ಕಣೇ, ಹಿಟ್ಟು ನಾದೋ ಬೆರಳು” ಅಂದರು. ನಿಜವಾಗಿತ್ತು, ಅಳಿಸಿ ಮತ್ತೆ ಬರೆದೆ. ಆವತ್ತು ಇಡೀ ದಿನ ಬೇರೆ ಯಾರೂ ಅಮ್ಮನಿಗೆ ಕಾಯಿಲೆ ಬಿಟ್ಟು ಇನ್ನೊಂದು ವಿಷಯ ಮಾತಾಡಿಸಿರಲಿಲ್ಲ. ನೋಡಲು ಬರುವವರೆಲ್ಲ ಎಳನೀರು, ಬಾಳೆಹಣ್ಣು ತರುತ್ತಾರೆ. ಪೊಟ್ಯಾಸಿಯಂ ಜಾಸ್ತಿ ಅಂತ ಅವೆರಡೂ ಅಮ್ಮನಿಗೆ ಆಗುವುದಿಲ್ಲ. ಚಿತ್ರ ಮಾತ್ರ ಆಗುತ್ತದೆ. ಅಪ್ಪನಿಗೆ ಮಾತು ಅರ್ಥವಾಗುತ್ತದೆ ಎಂದಿದ್ದೀರಿ, ಬರೆದಷ್ಟನ್ನು ಅವರಿಗೆ ಓದಿ ಹೇಳಿ. ಇಷ್ಟವಾಗದಿದ್ದರೆ ಮುಖ ತಿರುಗಿಸುತ್ತಾರೆ, ತಿರುಗಿಸಲಿ.

ಹಾಗಂತ ಆಸ್ಪತ್ರೆ, ಸಂಕಟವನ್ನೇ ಬರೆಯಬೇಕು ಎಂಬ ಋಣವೇನೂ ನಿಮ್ಮ ಮೇಲಿಲ್ಲ. ನಿಮ್ಮ ಜಿಲ್ಲೆಯ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿ ಓದನ್ನು ಅರ್ಧಕ್ಕೆ ಬಿಟ್ಟು ಸರ್ಕಾರಿ ಗುಮಾಸ್ತರಾದವರು. 1942ರಲ್ಲಿ ಬಂದ ‘ಮೈಸೂರ ಮಲ್ಲಿಗೆ’ಯಲ್ಲಿ ಅವರು ಕೊಟ್ಟಿದ್ದು ಗಂಡ ಹೆಂಡಿರ ಒಲವನ್ನು. ನಿಮಗೆ ನಗುವಿನ ಕಥೆ ಬರೆಯಬೇಕು ಅನ್ನಿಸಿದರೆ ಅದನ್ನೇ ಬರೆಯಿರಿ.

ಕೈ ಪೂರ್ತಿ ನಿಲ್ಲುವ ವಾರಗಳೂ ಬರುತ್ತವೆ. ಅಮ್ಮನಿಗೆ ಇನ್‌ಫೆಕ್ಷನ್ ಆಗಿ ಅಡ್ಮಿಟ್ ಆದಾಗ ನಾನು ಬ್ರಷ್ ಮುಟ್ಟಲಿಲ್ಲ. ಗೃಹಪ್ರವೇಶಕ್ಕೆ ಚಿತ್ರ ಕೇಳಿದ್ದವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಒಬ್ಬರು ಬೇರೆಯವರ ಹತ್ತಿರ ಮಾಡಿಸಿಕೊಂಡರು, ಉಳಿದವರು ಕಾದರು. ಸ್ಪರ್ಧೆಗೋ ಪತ್ರಿಕೆಗೋ ಕಥೆ ಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದರೆ ನೀವೂ ಮುಂಚೆಯೇ ತಿಳಿಸಿಬಿಡಿ.

ದುಡ್ಡಿನ ವಿಷಯ ಕೇಳಿಲ್ಲ, ಆದರೂ ಹೇಳುತ್ತೇನೆ. ಖರ್ಚು ಸರಿದೂಗಿಸಲು ಇನ್ನೊಂದು ಪಾರ್ಟ್‌ಟೈಮ್ ಕೆಲಸ ಹಿಡಿದರೆ ಇರುವ ಚೂರುಪಾರು ಹೊತ್ತೂ ಹೋಗುತ್ತದೆ. ಅದಕ್ಕೆ ಮೊದಲು ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ ಅಪ್ಪನಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸುವ ಬಗ್ಗೆ ವಿಚಾರಿಸಿ. ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕಿದರೆ ಸರ್ಕಾರದ ಮಾಸಾಶನಕ್ಕೆ ಅರ್ಜಿ ಹಾಕಬಹುದು, ಆದಾಯದ ಮಿತಿಯನ್ನೂ ಆಗಲೇ ಕೇಳಿಕೊಳ್ಳಿ. ಹೋಗುವಾಗ ಆಧಾರ್, ಫೋಟೊ, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಎಲ್ಲದರ ಜೆರಾಕ್ಸ್ ಇಟ್ಟುಕೊಂಡಿರಿ, ಎರಡು ಸಲ ಓಡಾಡುವುದು ತಪ್ಪುತ್ತದೆ.