ಅದಿರಿಗಿಂತ ಅಗ್ಗವಾದ ಕತ್ತಿ

ಪ್ರಶ್ನೆ: ನಾನು ಆಡುವ ಆನ್‌ಲೈನ್ ಗೇಮ್‌ನಲ್ಲಿ ನಾಲ್ಕು ತಿಂಗಳು ಕೂತು ಕಮ್ಮಾರಿಕೆಯನ್ನು ಕೊನೆಯ ಲೆವೆಲ್‌ವರೆಗೆ ಏರಿಸಿದ್ದೇನೆ. ಈಗ ನೋಡಿದರೆ ನಾನು ಮಾಡುವ ಕತ್ತಿಗಿಂತ ಅದಕ್ಕೆ ಬೇಕಾದ ಅದಿರಿಗೇ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆಯಿದೆ. ಅದಿರನ್ನು ನಾನೇ ಅಗೆಯುವುದರಿಂದ ನಷ್ಟವೇನೂ ಇಲ್ಲ ಎಂಬುದು ನನ್ನ ವಾದ. ದಿನವೂ ನಷ್ಟವಾಗುತ್ತಿದೆ ಎಂಬುದು ಗಿಲ್ಡ್‌ನಲ್ಲಿರುವ, ಅಂದರೆ ನಮ್ಮ ಆಟಗಾರರ ಕೂಟದಲ್ಲಿರುವ ಗೆಳೆಯನ ವಾದ. ಯಾರದು ಸರಿ?

ಉತ್ತರ: ಗೆಳೆಯರದೇ ಸರಿ. ಅಗೆದು ತಂದ ಅದಿರಿಗೆ ನೀವು ಹಣ ಕೊಟ್ಟಿಲ್ಲ ಎಂಬುದು ನಿಜ. ಆದರೆ ಅದನ್ನು ಹಾಗೆಯೇ ಮಾರಿದ್ದರೆ ನೂರು ನಾಣ್ಯ ಬರುತ್ತಿತ್ತು, ಕತ್ತಿ ಮಾಡಿ ಮಾರಿದ್ದರಿಂದ ಎಂಬತ್ತು ಬಂತು ಎಂದಾದರೆ, ಉಳಿದ ಇಪ್ಪತ್ತನ್ನು ಕುಲುಮೆಯೇ ನುಂಗಿತು ಎಂದಾಯಿತು. ಅಗೆಯುವುದು ಒಂದು ಕಸುಬು, ಬಡಿಯುವುದು ಇನ್ನೊಂದು ಕಸುಬು. ನೀವು ಎರಡರ ಲೆಕ್ಕವನ್ನೂ ಒಂದೇ ಪುಟದಲ್ಲಿ ಬರೆಯುತ್ತಿರುವುದರಿಂದ, ಮೊದಲನೆಯದರ ಗಳಿಕೆ ಎರಡನೆಯದರ ನಷ್ಟವನ್ನು ಮುಚ್ಚಿಹಾಕುತ್ತಿದೆ.

ಹೀಗೇಕೆ ಆಗುತ್ತದೆ ಎಂಬುದು ಇದಕ್ಕಿಂತ ಸ್ವಾರಸ್ಯದ ಸಂಗತಿ. ನಿಮ್ಮ ಸರ್ವರ್‌ನಲ್ಲಿ, ಅಂದರೆ ನೀವು ಆಡುವ ಗೇಮ್‌ಲೋಕದ ಪ್ರತಿಯಲ್ಲಿ, ಕಮ್ಮಾರಿಕೆ ಕಲಿಯುತ್ತಿರುವವರಲ್ಲಿ ಹೆಚ್ಚಿನವರಿಗೆ ಕತ್ತಿ ಬೇಕಾಗಿಲ್ಲ, ಕತ್ತಿ ಮಾಡಿದಾಗ ಸಿಗುವ ಅನುಭವದ ಅಂಕ ಬೇಕಾಗಿದೆ. ಅಂಕ ಸಿಕ್ಕ ಮೇಲೆ ಕೈಯಲ್ಲಿ ಉಳಿಯುವ ಕತ್ತಿ ಅವರ ಪಾಲಿಗೆ ಬರೀ ಹೊರೆಯಾದ್ದರಿಂದ, ಬಂದಷ್ಟು ಬರಲಿ ಎಂದು ಮಾರಿಬಿಡುತ್ತಾರೆ. ಅದಿರಿನ ಬೆಲೆಗೂ ಕತ್ತಿಯ ಬೆಲೆಗೂ ನಡುವಿನ ಅಂತರವೇ ಆ ಕಲಿಕೆಗೆ ಅವರು ಕಟ್ಟುವ ಶುಲ್ಕ. ಕಲಿತು ಮುಗಿಸಿದ ನೀವೂ ಅದೇ ಕತ್ತಿಯನ್ನು ಮಾಡುತ್ತ ಕುಳಿತರೆ, ಪರೀಕ್ಷೆ ಪಾಸಾದ ಮೇಲೂ ಶುಲ್ಕ ಕಟ್ಟುತ್ತಿರುವ ವಿದ್ಯಾರ್ಥಿಯಂತಾಗುತ್ತೀರಿ. ಅಜ್ಜಿ ನೂತದ್ದೆಲ್ಲ ಮೊಮ್ಮಗನ ಉಡಿದಾರಕ್ಕೆ ಸರಿಹೋಯಿತು ಎಂಬ ಗಾದೆಯನ್ನು ಬಹುಶಃ ಇಂಥ ಗೇಮ್ ಆಡಿದವರೇ ಕಟ್ಟಿರಬೇಕು.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ 2001ರಲ್ಲಿ ಆರಂಭವಾದ ರೂನ್‌ಸ್ಕೇಪ್. ಅದರ ಹಳೆಯ ರೂಪವಾದ ಓಲ್ಡ್ ಸ್ಕೂಲ್‌ನಲ್ಲಿ ರೂನ್ ಲೋಹದ ಎದೆಕವಚವನ್ನು ತಯಾರಿಸಲು ಕಮ್ಮಾರಿಕೆಯ ಕೊನೆಯ ಲೆವೆಲ್ ಆದ 99ನ್ನು ಮುಟ್ಟಬೇಕು. ಅದೇ ಕವಚವನ್ನು ತೊಡಲು ಮಾತ್ರ ರಕ್ಷಣಾ ಕೌಶಲದಲ್ಲಿ 40 ಇದ್ದು, ಡ್ರ್ಯಾಗನ್ ಸ್ಲೇಯರ್ ಎಂಬ ಸಾಹಸವೊಂದನ್ನು ಮುಗಿಸಿದ್ದರೆ ಸಾಕು. ಅಂದರೆ ಕಸುಬಿನ ತುತ್ತತುದಿಗೆ ಏರಿದವನು, ಇನ್ನೂ ಅರ್ಧ ದಾರಿಗೂ ಬಾರದ ಯೋಧನಿಗೆ ಅಂಗಿ ಹೊಲಿಯುತ್ತಾನೆ. ಸಾಲದ್ದಕ್ಕೆ ರೂನ್ ಲೋಹದ ಸಾಮಾನು ರಾಕ್ಷಸರನ್ನು ಕೊಂದಾಗಲೂ ಉದುರುತ್ತದೆ. ಇದು ತಪ್ಪೆಂದು ತಯಾರಕರಿಗೂ ಅನ್ನಿಸಿತು. ಓಲ್ಡ್ ಸ್ಕೂಲ್ ಅಲ್ಲದ ಮುಖ್ಯ ರೂನ್‌ಸ್ಕೇಪ್‌ನಲ್ಲಿ 2019ರ ಜನವರಿಯಲ್ಲಿ ಗಣಿಗಾರಿಕೆ ಮತ್ತು ಕಮ್ಮಾರಿಕೆ ಎರಡನ್ನೂ ಹೊಸದಾಗಿ ಕಟ್ಟಿ, ಹಳೆಯ ಲೋಹಗಳನ್ನು ಕೆಳಗಿನ ಲೆವೆಲ್‌ಗಳಿಗೆ ಇಳಿಸಿ, ಮೇಲೆ ಹೊಸ ಲೋಹಗಳನ್ನು ಸೇರಿಸಿದರು.

ಇನ್ನೊಂದು ಕಾರಣ ಇದಕ್ಕಿಂತ ಆಳದ್ದು. ಒಮ್ಮೆ ಮಾಡಿದ ಕತ್ತಿ ಎಂದೂ ಹಾಳಾಗದಿದ್ದರೆ, ಇವತ್ತು ಮಾಡಿದ ಕತ್ತಿ ನಿನ್ನೆ ಮಾಡಿದ ಕತ್ತಿಯೊಂದಿಗೇ ಪೈಪೋಟಿ ನಡೆಸಬೇಕಾಗುತ್ತದೆ. 1997ರಲ್ಲಿ ಅಲ್ಟಿಮಾ ಆನ್‌ಲೈನ್ ಆರಂಭವಾದಾಗ ಅದರ ರಚನಕಾರರು ಒಂದು ಮುಚ್ಚಿದ ಅರ್ಥವ್ಯವಸ್ಥೆಯನ್ನು ಕಲ್ಪಿಸಿದ್ದರು. ಲೋಕದಲ್ಲಿರುವ ಕಚ್ಚಾ ಸಾಮಗ್ರಿಯ ಒಟ್ಟು ಮೊತ್ತ ನಿಗದಿತ; ವಸ್ತುವೊಂದು ನಾಶವಾದಾಗ ಅದರೊಳಗಿನ ಸಾಮಗ್ರಿ ಲೋಕದ ಭಂಡಾರಕ್ಕೆ ಮರಳಿ, ಮತ್ತೆ ಅದಿರಾಗಿಯೋ ಉಣ್ಣೆಯಾಗಿಯೋ ಹುಟ್ಟಬೇಕು. ಕಾಗದದ ಮೇಲೆ ಸೊಗಸಾಗಿದ್ದ ಈ ಯೋಜನೆಯನ್ನು ಆಟಗಾರರು ಪೆಟ್ಟಿಗೆಗಳಲ್ಲಿ ಕೂಡಿಟ್ಟೇ ಮುರಿದರು. ಅವರು ಏನನ್ನೂ ಎಸೆಯಲಿಲ್ಲ, ಭಂಡಾರಕ್ಕೆ ಏನೂ ಮರಳಲಿಲ್ಲ, ಹೊಸಬರಿಗೆ ಅಗೆಯಲು ಏನೂ ಉಳಿಯದಂತಾಗಿ ಕೊನೆಗೆ ಆ ವ್ಯವಸ್ಥೆಯನ್ನೇ ಕೈಬಿಡಬೇಕಾಯಿತು.

ಇದಕ್ಕೆ ತದ್ವಿರುದ್ಧ ಐಸ್‌ಲ್ಯಾಂಡ್‌ನ ಕಂಪನಿಯೊಂದು 2003ರಲ್ಲಿ ಹೊರತಂದ ಬಾಹ್ಯಾಕಾಶದ ಗೇಮ್ ಈವ್ ಆನ್‌ಲೈನ್. ಅಲ್ಲಿ ಆಟಗಾರರು ಹಾರಿಸುವ ನೌಕೆಗಳಲ್ಲಿ ಬಹುಪಾಲು ಆಟಗಾರರೇ ನಕ್ಷೆಪತ್ರ ಮತ್ತು ಖನಿಜಗಳಿಂದ ಕಟ್ಟಿದವು, ಮತ್ತು ಸ್ಫೋಟಗೊಂಡ ನೌಕೆ ಮರಳಿ ಬರುವುದಿಲ್ಲ. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಎಂಬ ತಾರಾಮಂಡಲದಲ್ಲಿ ನಡೆದ ಒಂದೇ ಕದನದಲ್ಲಿ ಟೈಟನ್ ಎಂಬ ದೈತ್ಯ ವರ್ಗದ 75 ನೌಕೆಗಳು ನಾಶವಾದವು. ಅವುಗಳಲ್ಲಿ ಒಂದೊಂದನ್ನು ಕಟ್ಟಲೂ ವಾರಗಟ್ಟಲೆ ಸಮಯ ಮತ್ತು ಅಪಾರ ಖನಿಜ ಬೇಕು. ಯೋಧರಿಗೆ ಅದು ಸೋಲು ಗೆಲುವಿನ ಮಾತಾದರೆ, ಗಣಿ ತೋಡುವವನಿಗೂ ಹಡಗು ಕಟ್ಟುವವನಿಗೂ ಅದು ಕೆಲಸ. 2017ರಲ್ಲಿ ಬಂದ ಆಲ್ಬಿಯನ್ ಆನ್‌ಲೈನ್‌ನಲ್ಲಿಯೂ ಅಪಾಯದ ಪ್ರದೇಶಗಳಲ್ಲಿ ಸತ್ತವನು ಮೈಮೇಲಿನದನ್ನೆಲ್ಲ ಕಳೆದುಕೊಳ್ಳುತ್ತಾನೆ. ಅಲ್ಲಿ ಸಾಧಾರಣ ಗುಣಮಟ್ಟದ ಕತ್ತಿಗೂ ಗಿರಾಕಿ ಇರುವುದು ಇದೇ ಕಾರಣಕ್ಕೆ.

ನಿಮ್ಮ ಗೇಮ್‌ನಲ್ಲಿ ಕತ್ತಿ ಮುರಿಯದಿದ್ದರೆ, ಬಳಸಿದೊಡನೆ ಇಲ್ಲವಾಗುವ ವಸ್ತುಗಳ ಕಡೆ ನೋಡಿ: ಮದ್ದು, ಬಾಣ, ಕಾದಾಟಕ್ಕೆ ಮೊದಲು ತಿನ್ನುವ ಅಡುಗೆ, ಹರಿತ ಹೆಚ್ಚಿಸುವ ಸಾಣೆಕಲ್ಲು. ಬಾಸ್ ಎಂಬ ಬಲಾಢ್ಯ ಶತ್ರುವಿನ ಎದುರು ಹತ್ತು ಸಲ ಸೋಲುವ ತಂಡಕ್ಕೆ ಹತ್ತು ಸಲವೂ ಅವು ಬೇಕು.

ಪ್ರಶ್ನೆ: ಕ್ರಾಫ್ಟಿಂಗ್ (ಗೇಮ್‌ನೊಳಗಿನ ವಸ್ತು ತಯಾರಿಕೆ) ಎಂದರೆ ಬಟನ್ ಒತ್ತಿ ಪರದೆಯ ಮೇಲಿನ ಪಟ್ಟಿ ತುಂಬುವವರೆಗೆ ಕಾಯುವುದಷ್ಟೇ ಏನು? ಮಾಡುವವರ ಜಾಣತನಕ್ಕೂ ಬೆಲೆಯಿರುವ ಗೇಮ್ ಇದೆಯೆ?

ಉತ್ತರ: ಫೈನಲ್ ಫ್ಯಾಂಟಸಿ 14 ಈ ದಾರಿಯಲ್ಲಿ ದೂರ ಹೋಗಿದೆ. ಅಲ್ಲಿ ಬಡಗಿ, ಕಮ್ಮಾರ, ಅಕ್ಕಸಾಲಿಗ, ನೇಕಾರ, ಬಾಣಸಿಗ ಮೊದಲಾದ ಎಂಟು ತಯಾರಿಕಾ ಕಸುಬುಗಳಿವೆ, ಮತ್ತು ಪ್ರತಿಯೊಂದು ವಸ್ತುವನ್ನು ಮಾಡುವುದೂ ಒಂದು ಪುಟ್ಟ ಕಾದಾಟವೇ. ಪ್ರತಿ ಪೆಟ್ಟಿಗೂ ವಸ್ತುವಿನ ತಾಳಿಕೆ ಸಾಮಾನ್ಯವಾಗಿ ಹತ್ತರಂತೆ ಕುಸಿಯುತ್ತದೆ. ಅದು ಸೊನ್ನೆ ಮುಟ್ಟುವ ಮೊದಲು ಕೆಲಸವನ್ನೂ ಮುಗಿಸಬೇಕು, ಗುಣಮಟ್ಟವನ್ನೂ ಏರಿಸಬೇಕು. ಮುಗಿಸಲಾಗದಿದ್ದರೆ ಸಾಮಗ್ರಿ ಮಣ್ಣುಪಾಲು. ನಡುವೆ ವಸ್ತುವಿನ ಸ್ಥಿತಿ ಒಮ್ಮೆ ಹದಕ್ಕೆ ಬರುತ್ತದೆ, ಒಮ್ಮೆ ಕೆಡುತ್ತದೆ. ಹದ ಬಂದ ಗಳಿಗೆಯಲ್ಲಿ ಗುಣಮಟ್ಟಕ್ಕೆ ಕೈಹಾಕುವವನೇ ಕುಶಲಿ.

ಆದರೆ ಅದೇ ಗೇಮ್ 15 ಸಾಲುಗಳವರೆಗೆ ಆಜ್ಞೆಗಳನ್ನು ಬರೆದಿಡುವ ಮ್ಯಾಕ್ರೋ ಸೌಲಭ್ಯವನ್ನೂ ಕೊಟ್ಟಿದೆ. ಕುಶಲತೆ ಹೆಚ್ಚಿಸುವ ಒಳ್ಳೆಯ ಉಡುಪು ತೊಟ್ಟು ಬೇರೆ ಯಾರೋ ಲೆಕ್ಕ ಹಾಕಿದ ಮ್ಯಾಕ್ರೋ ಹಾಕಿದರೆ, ಹೆಚ್ಚಿನ ವಸ್ತುಗಳು ಬಟನ್ ಒತ್ತಿ ಕಾಯುವುದಕ್ಕೇ ಬಂದು ನಿಲ್ಲುತ್ತವೆ. ಸ್ಥಿತಿ ಬಗೆಬಗೆಯಾಗಿ ಬದಲಾಗುವ ಎಕ್ಸ್‌ಪರ್ಟ್ ರೆಸಿಪಿಗಳಲ್ಲಿ ಮಾತ್ರ ಮ್ಯಾಕ್ರೋ ಆಟ ಸುಲಭಕ್ಕೆ ನಡೆಯುವುದಿಲ್ಲ. ನನ್ನನ್ನು ಕೇಳಿದರೆ ಇದು ದೋಷವಲ್ಲ: ನೂರು ಒಂದೇ ಬಗೆಯ ಮೊಳೆ ಬಡಿಯುವವನಿಗೆ ನೂರು ಸಲವೂ ಕಲೆ ಬೇಕೆನ್ನುವುದು ಶಿಕ್ಷೆ.

ಪ್ರಶ್ನೆ: ಕ್ರಾಫ್ಟಿಂಗ್ ಮಾತು ಬಂದಾಗಲೆಲ್ಲ ಹಳಬರು ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಹೆಸರೆತ್ತಿ ನಿಟ್ಟುಸಿರು ಬಿಡುತ್ತಾರೆ. ಮುಚ್ಚಿಹೋದ ಗೇಮ್‌ನಲ್ಲಿ ಅಂಥದ್ದೇನಿತ್ತು?

ಉತ್ತರ: ಅಲ್ಲಿ ಕಬ್ಬಿಣ ಎಂದರೆ ಬರೀ ಕಬ್ಬಿಣವಾಗಿರಲಿಲ್ಲ. 2003ರ ಜೂನ್‌ನಲ್ಲಿ ಆರಂಭವಾದ ಆ ಗೇಮ್‌ನಲ್ಲಿ ಗ್ರಹವೊಂದರ ಮೇಲೆ ಹುಟ್ಟುವ ಪ್ರತಿ ಲೋಹಕ್ಕೂ ತನ್ನದೇ ಹೆಸರು, ವಿದ್ಯುದ್ವಾಹಕತೆ, ಗಡಸುತನ, ಒಟ್ಟು ಗುಣಮಟ್ಟ ಮುಂತಾದವುಗಳಿಗೆ ಸಾವಿರದವರೆಗಿನ ಅಂಕಗಳು ಇರುತ್ತಿದ್ದವು. ಕೆಲವು ದಿನ ಇದ್ದು ಆ ಲೋಹ ಮಾಯವಾದರೆ ಅದೇ ಲೋಹ ಮತ್ತೆ ಹುಟ್ಟುತ್ತಿರಲಿಲ್ಲ. ಒಂದು ಬಂದೂಕಿಗೆ ವಾಹಕತೆ ಮುಖ್ಯ, ಇನ್ನೊಂದಕ್ಕೆ ಬೇರೆ ಗುಣ. ಆದ್ದರಿಂದ ಒಳ್ಳೆಯ ಕುಶಲಕರ್ಮಿ ಎಂದರೆ ಹೆಚ್ಚು ಲೆವೆಲ್ ಏರಿಸಿದವನಲ್ಲ. ಯಾವ ಲೋಹ ಯಾವಾಗ ಎಲ್ಲಿ ಹುಟ್ಟಿತೆಂದು ಮೊದಲು ತಿಳಿದು, ತಾನು ಮಲಗಿದ್ದಾಗಲೂ ಕೆಲಸ ಮಾಡುವ ಅಗೆಯುವ ಯಂತ್ರಗಳನ್ನು ಅಲ್ಲಿ ನಿಲ್ಲಿಸಿ, ವರ್ಷಗಳ ಮಟ್ಟಿಗೆ ದಾಸ್ತಾನು ಮಾಡಿಕೊಂಡವನು. ಬಂದೂಕಿನ ಮೇಲೆ ಮಾಡಿದವನ ಹೆಸರು ಇರುತ್ತಿತ್ತು, ಬಳಸಿದಂತೆ ಅದು ಸವೆಯುತ್ತಿತ್ತು. ಒಳ್ಳೆಯ ಹೆಸರಿದ್ದವನ ಅಂಗಡಿಗೆ ಜನ ಗ್ರಹ ದಾಟಿ ಬರುತ್ತಿದ್ದರು. ಆರಂಭದಲ್ಲಿ ಒಂದು ಸರ್ವರ್‌ನಲ್ಲಿ ಒಬ್ಬರಿಗೆ ಒಂದೇ ಪಾತ್ರಕ್ಕೆ ಅವಕಾಶವಿದ್ದುದರಿಂದ, ಎಲ್ಲವನ್ನೂ ನಾನೇ ಮಾಡಿಕೊಳ್ಳುತ್ತೇನೆ ಎನ್ನುವವರಿಗೆ ದಾರಿಯೇ ಇರಲಿಲ್ಲ.

2005ರ ನವೆಂಬರ್‌ನಲ್ಲಿ ತಯಾರಕರು ಮೂವತ್ತಕ್ಕೂ ಹೆಚ್ಚಿದ್ದ ವೃತ್ತಿಗಳನ್ನು 9ಕ್ಕೆ ಇಳಿಸಿ, ತಯಾರಿಕೆಯ ಕಸುಬುಗಳನ್ನೆಲ್ಲ ವ್ಯಾಪಾರಿ ಎಂಬ ಒಂದೇ ವೃತ್ತಿಯ ಕವಲುಗಳನ್ನಾಗಿ ಮಾಡಿದರು. ಅನೇಕ ಹಳಬರು ಅಂದೇ ಹೊರಟುಹೋದರು. 2011ರ ಡಿಸೆಂಬರ್ 15ರಂದು ಗೇಮ್ ಮುಚ್ಚಿತು. ನಿಟ್ಟುಸಿರಿಗೆ ಅರ್ಥವಿದೆ, ಆದರೆ ಆ ವ್ಯವಸ್ಥೆ ಹೊಸಬರಿಗೆ ಎಷ್ಟು ಕಠಿಣವಾಗಿತ್ತೆಂಬುದನ್ನು ನಿಟ್ಟುಸಿರು ಬಿಡುವವರು ಹೇಳುವುದಿಲ್ಲ. ತಡವಾಗಿ ಬಂದವನಿಗೆ, ಎರಡು ವರ್ಷದ ಹಿಂದೆ ಹುಟ್ಟಿ ಮಾಯವಾದ ಉತ್ತಮ ತಾಮ್ರ ಸಿಗಬೇಕಾದರೆ ಅದನ್ನು ಕೂಡಿಟ್ಟವನ ಬಾಗಿಲಿಗೇ ಹೋಗಬೇಕಾಗಿತ್ತು.

ಪ್ರಶ್ನೆ: ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡಲು ಈಗಷ್ಟೇ ಶುರು ಮಾಡಿದ್ದೇನೆ. ಒಂದು ಪಾತ್ರಕ್ಕೆ ಎರಡೇ ಮುಖ್ಯ ಕಸುಬು ಎನ್ನುತ್ತಾರೆ. ಯಾವುದನ್ನು ಆರಿಸಲಿ?

ಉತ್ತರ: ಮೊದಲು ಎರಡನ್ನೂ ಸಂಗ್ರಹದ ಕಸುಬುಗಳನ್ನೇ ಆರಿಸಿ, ಗಣಿಗಾರಿಕೆ ಮತ್ತು ಮೂಲಿಕೆ ಸಂಗ್ರಹ ಒಳ್ಳೆಯ ಜೋಡಿ. ಹೇಗೂ ಲೋಕ ಸುತ್ತುತ್ತೀರಿ, ದಾರಿಯಲ್ಲಿ ಸಿಕ್ಕಿದ್ದನ್ನು ಹರಾಜುಮನೆಯಲ್ಲಿ ಮಾರಬಹುದು, ಬಂಡವಾಳ ಬೇಕಾಗಿಲ್ಲ. ಅಲ್ಲಿ ಮಾರಾಟದ ಮೇಲೆ 5 ಪ್ರತಿಶತ ಕಡಿತವಾಗುತ್ತದೆ ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ತಯಾರಿಕೆಗೆ ಕೈಹಾಕುವಾಗ ಒಂದು ಬದಲಾವಣೆಯನ್ನು ತಿಳಿದಿರಬೇಕು. 2022ರ ನವೆಂಬರ್‌ನಲ್ಲಿ ಬಂದ ಡ್ರ್ಯಾಗನ್‌ಫ್ಲೈಟ್ ವಿಸ್ತರಣೆ ಆರ್ಡರ್ ಪದ್ಧತಿಯನ್ನು ತಂದಿತು. ಅದಕ್ಕೆ ಮೊದಲು, ಪಡೆದವನ ಕೈಯಿಂದ ಬೇರೆಯವರಿಗೆ ದಾಟಿಸಲಾಗದ ಸಾಮಗ್ರಿ ಗಿರಾಕಿಯ ಬಳಿ ಇದ್ದರೆ, ಅದನ್ನು ಬಳಸಿ ಕುಶಲಕರ್ಮಿ ಅವನಿಗೆ ವಸ್ತು ಮಾಡಿಕೊಡುವುದು ಸಾಧ್ಯವಿರಲಿಲ್ಲ. ಈಗ ಗಿರಾಕಿಯೇ ಆ ಸಾಮಗ್ರಿಯನ್ನು ಆರ್ಡರ್ ಜೊತೆಗೆ ಕೊಡುತ್ತಾನೆ, ಕುಶಲಕರ್ಮಿ ಕೂಲಿ ಪಡೆಯುತ್ತಾನೆ. ಉಡುಪು ಆಯುಧಗಳಿಗೆ ಐದು ದರ್ಜೆಗಳ ಗುಣಮಟ್ಟವೂ ಬಂದಿತು. ಎಲ್ಲರಿಗೂ ತೆರೆದ ಆರ್ಡರ್‌ನಲ್ಲಿ ಇಂಥ ದರ್ಜೆಯೇ ಬೇಕೆಂದು ಷರತ್ತು ಹಾಕಲು ಆರಂಭದಲ್ಲಿ ಅವಕಾಶವಿರಲಿಲ್ಲ. ಹೆಸರು ಹಿಡಿದು ಕೊಡುವ ಆರ್ಡರ್‌ನಲ್ಲಿ ಇತ್ತು. ಇದರಿಂದ ದುಬಾರಿ ಸಾಮಗ್ರಿ ಕೂಡಿಸಿದವರು ಪರಿಚಯದ ಕುಶಲಕರ್ಮಿಯನ್ನೇ ಹುಡುಕಿಕೊಂಡು ಹೋಗುವಂತಾಯಿತು.

ಹಾಗಾಗಿ ಎಲ್ಲ ಬಗೆಯನ್ನೂ ಸ್ವಲ್ಪ ಸ್ವಲ್ಪ ಕಲಿಯಬೇಡಿ. ಪರಿಣತಿಯ ಅಂಕಗಳು ನಿಧಾನವಾಗಿ ಸಿಗುತ್ತವೆ. ಅವನ್ನು ಒಂದೇ ಕವಲಿಗೆ, ಉದಾಹರಣೆಗೆ ಬರೀ ಗುರಾಣಿಗೋ ಬರೀ ಕತ್ತಿಗೋ ಹಾಕಿ. ಹಾಕುವ ಮೊದಲು ನಿಮ್ಮ ಗಿಲ್ಡ್‌ನಲ್ಲಿ ಆ ಕೆಲಸ ಬಲ್ಲವರು ಈಗಾಗಲೇ ಎಷ್ಟು ಜನರಿದ್ದಾರೆ ಎಂದು ವಿಚಾರಿಸಿ.