ಸೊಂಡಿಲಲ್ಲಿ ಬಿರುಕು, ಬಕೆಟ್‌ನಲ್ಲಿ ಗಣಪ

ಪ್ರಶ್ನೆ: ಈ ಸಲ ಮಕ್ಕಳು ಹಟ ಹಿಡಿದು ಶಾಡೂ ಮಣ್ಣಿನಲ್ಲಿ 8 ಇಂಚಿನ ಗಣಪನನ್ನು ಮಾಡಿದರು. ಮೂರನೇ ದಿನಕ್ಕೆ ಸೊಂಡಿಲ ಬುಡದಲ್ಲಿ ಬಿರುಕು. ಅತ್ತೆಯವರು ಅಪಶಕುನ ಅನ್ನುತ್ತಿದ್ದಾರೆ. ಪೂಜೆಗೆ ಇಡಬಹುದೇ?
– ಓದುಗರು, ಡೊಂಬಿವಲಿ

ಉತ್ತರ: ಧಾರಾಳವಾಗಿ ಇಡಿ. ಪ್ರಾಣಪ್ರತಿಷ್ಠೆ ಆಗುವ ತನಕ ಅದು ಬರೀ ಮಣ್ಣು. ಅತ್ತೆಯವರಿಗೆ ಕಥೆಯನ್ನೇ ನೆನಪಿಸಿ: ಪಾರ್ವತಿ ಮೈಯ ಮಣ್ಣಿನಿಂದ ಮಾಡಿದ ಹುಡುಗನ ತಲೆಯೇ ಹಾರಿಹೋಗಿತ್ತಲ್ಲ? ಆನೆಯ ತಲೆ ಕೂಡಿಸಿದ ಮೇಲೆಯೇ ಅವನು ಗಜಾನನನಾದದ್ದು. ಒಮ್ಮೆ ರಿಪೇರಿಯಾದ ದೇವರಿಗೆ ಇನ್ನೊಂದು ರಿಪೇರಿ ಅಪಚಾರವಾಗದು.

ಶಾಡೂ ಬಲು ನುಣುಪು ಮಣ್ಣು, ಒಣಗುತ್ತಾ ಕುಗ್ಗುತ್ತದೆ. ತೆಳ್ಳನೆಯ ಸೊಂಡಿಲು ಬೇಗ ಒಣಗುತ್ತದೆ, ಹೊಟ್ಟೆ ಇನ್ನೂ ಹಸಿಯಾಗಿರುತ್ತದೆ; ಎಳೆತ ಬೀಳುವುದು ಕೂಡಿಸಿದ ಜಾಗದಲ್ಲೇ. ಮುಂಬಯಿ ಮಳೆಗೆ ಒಣಗುತ್ತಿಲ್ಲವೆಂದು ಫ್ಯಾನ್ ಕೆಳಗೆ ಇಟ್ಟಿರಾದರೆ ಕಾರಣ ಅದೇ. ಆಧಾರಕ್ಕೆಂದು ಪೊರಕೆಕಡ್ಡಿ ಚುಚ್ಚಿದ್ದರೂ ಹೀಗಾಗುತ್ತದೆ: ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ.

ಹಸಿ ಮಣ್ಣು ಮೆತ್ತಬೇಡಿ, ಒಣಗಿದಾಗ ಅದೂ ಬಿಟ್ಟುಕೊಳ್ಳುತ್ತದೆ. ಒಣ ಶಾಡೂ ಪುಡಿಗೆ ಅರೆದ ಕಾಗದದ ಮುದ್ದೆ, ಸ್ವಲ್ಪ ಗೋಂದು ಸೇರಿಸಿ ಗಟ್ಟಿಯಾಗಿ ಕಲಸಿ. ಬಿರುಕಿಗೆ ಬ್ರಷ್‌ನಿಂದ ನೀರು ಸವರಿ (ಸುರಿದರೆ ಸೊಂಡಿಲೇ ಕೈಗೆ ಬಂದೀತು), ಮಿಶ್ರಣವನ್ನು ಒಳಗೆ ಒತ್ತಿ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಮುಂದಿನ ವರ್ಷ 2 ಕಿಲೋ ಮಣ್ಣಿಗೆ ಒಂದು ಹಿಡಿ ಕಾಗದದ ಮುದ್ದೆಯನ್ನು ಮೊದಲೇ ನಾದಿ. ಮಣೆಯ ಮೇಲೆ ಪೇಪರ್ ಹಾಸಿ, ಬುಡ ಅಂಟಿಕೊಳ್ಳದೆ ಸರಿಯಲು ಎಡೆ ಸಿಗಲಿ.

ಪ್ರಶ್ನೆ: ಮಣ್ಣಿನದೆಂದು ಕೊಟ್ಟ ಗಣಪ ಬಕೆಟ್‌ನಲ್ಲಿ ಎರಡು ದಿನವಾದರೂ ಕರಗಲಿಲ್ಲ. ದೋಷವೇ?
– ಓದುಗರು, ಪುಣೆ

ಉತ್ತರ: ದೋಷ ಮಾರಿದವರದು. ಉತ್ತರಪೂಜೆಯಲ್ಲಿ ಅಕ್ಷತೆ ಹಾಕಿ ಮೂರ್ತಿಯನ್ನು ಕದಲಿಸಿದಾಗಲೇ ದೇವರು ಹೊರಟಾಯಿತು. ಬಕೆಟ್‌ನಲ್ಲಿರುವುದು ಬಹುಶಃ ಪ್ಲಾಸ್ಟರ್ ಆಫ್ ಪ್ಯಾರಿಸ್. ಬುಡದಿಂದ ಒಂದು ಚೂರು ಕೆರೆದು ಒಣಗಿಸಿ ಲೋಟದ ನೀರಿಗೆ ಹಾಕಿ. ಶಾಡೂ ಆದರೆ ನೋಡುತ್ತಿದ್ದಂತೆ ಉದುರುತ್ತದೆ, ಪ್ಲಾಸ್ಟರ್ ಹಾಗೇ ಕೂತಿರುತ್ತದೆ. ಒಣಗಿಸುವುದು ಮುಖ್ಯ, ಅರೆಹಸಿ ಮಣ್ಣು ಸುಲಭಕ್ಕೆ ಕರಗದು. ಮೇಲೆ ಎಣ್ಣೆಬಣ್ಣ ಇದ್ದರೆ ಅದನ್ನೂ ಕೆರೆಯಿರಿ, ನೀರು ಒಳಗೆ ಇಳಿಯಲಿ.

ಪ್ಲಾಸ್ಟರ್ ಎಂದು ಖಚಿತವಾದರೆ ನಿಮ್ಮೂರಿನ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ತೋರಿಸಿಕೊಟ್ಟ ದಾರಿಯಿದೆ: ಮೂರ್ತಿಯ ತೂಕದಷ್ಟೇ ಅಮೋನಿಯಂ ಬೈಕಾರ್ಬನೇಟನ್ನು ನೀರಿನಲ್ಲಿ ಕಲಸಿ ಮುಳುಗಿಸಿಡುವುದು. ಆಗಾಗ ಕೋಲಿನಿಂದ ಕಲಕಿ. ತಳದಲ್ಲಿ ಸುಣ್ಣದಂಥ ಬಿಳಿ ಪುಡಿ ಕೂರುತ್ತದೆ, ಮೇಲಿನ ತಿಳಿಯಲ್ಲಿ ಅಮೋನಿಯಂ ಸಲ್ಫೇಟ್ ಇರುವುದರಿಂದ ಬಹಳ ನೀರು ಬೆರೆಸಿ ಗಿಡಕ್ಕೆ ಹಾಕಬಹುದು. ಬಕೆಟ್ ಬಾಲ್ಕನಿಯಲ್ಲೇ ಇರಲಿ, ಘಾಟು ಮೂಗಿಗೆ ಹೊಡೆಯುತ್ತದೆ.