ಅಪ್ಪನ ಮಾರ್ಫಿನ್ ಮಾತ್ರೆ: ಭಯ ಪಡಬೇಕಾದ್ದು ಯಾವುದಕ್ಕೆ?

ಪಾಂಡವಪುರ ತಾಲ್ಲೂಕಿನ ಓದುಗರೊಬ್ಬರ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರ ದೊಡ್ಡದಿದೆ, ಮುಖ್ಯವಾದಷ್ಟನ್ನು ಇಲ್ಲಿ ಕೊಟ್ಟಿದ್ದೇವೆ.

"ನಮ್ಮ ತಂದೆಗೆ 68 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿದೆ. ಮೈಸೂರಿನ ಆಸ್ಪತ್ರೆಯಲ್ಲಿ 10 ಮಿಲಿಗ್ರಾಂ ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದಾರೆ, 4 ಗಂಟೆಗೊಂದು. ಅದು ಅಫೀಮು, ಕೊಟ್ಟರೆ ಅಣ್ಣ ಚಟಕ್ಕೆ ಬೀಳ್ತಾನೆ, ಬೇಗ ಹೋಗಿಬಿಡ್ತಾನೆ ಅಂತ ಚಿಕ್ಕಪ್ಪ ಹೇಳಿದ ಮೇಲೆ ಅವ್ವ ಮಾತ್ರೆನ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದಾರೆ. ಅಪ್ಪ ತಡೆಯಲಾರದೆ ಕೂಗಿಕೊಂಡಾಗ ಮಾತ್ರ ಒಂದು ಪುಡಿ ಮಾಡಿ ಗಂಜಿಗೆ ಹಾಕಿ ಕೊಡ್ತಾರೆ. ನಿದ್ದೆಗೆ ಊರಿನ ಡಾಕ್ಟರ್ ಮೊದಲೇ ಕೊಟ್ಟಿದ್ದ ಮಾತ್ರೆ ರಾತ್ರಿ ಹೊತ್ತು ನಡೀತಿದೆ. ಒಂದಿನ ಅವ್ವನೇ ಮಂಡಿ ನೋವು ಅಂತ ಒಂದು ಮಾರ್ಫಿನ್ ನುಂಗಿ ಇಡೀ ದಿನ ವಾಂತಿ ಮಾಡಿಕೊಂಡರು. ಕೊಡಬೇಕಾ, ಬೇಡ್ವಾ? ಚಿಕ್ಕಪ್ಪನಿಗೆ ಏನು ಹೇಳಲಿ?"

ಸಂಪಾದಕರ ಉತ್ತರ:

ಕೊಡಬೇಕು. ಡಾಕ್ಟರ್ ಬರೆದಷ್ಟು, ಬರೆದ ಹೊತ್ತಿಗೆ. ಮಾರ್ಫಿನ್ ಅಫೀಮಿನಿಂದಲೇ ತೆಗೆಯುವ, ಜೋರು ನೋವಿಗೆ ಕೊಡುವ ಔಷಧಿ.

ನಾನು ಡಾಕ್ಟರ್ ಅಲ್ಲ. ಹಾಗಾಗಿ ನಿಮ್ಮ ಪತ್ರ ಹಿಡಿದುಕೊಂಡು, ಮೈಸೂರಿನಲ್ಲಿ ಕ್ಯಾನ್ಸರ್ ನೋವಿಗೇ ಚಿಕಿತ್ಸೆ ಕೊಡುವ ವೈದ್ಯರೊಬ್ಬರ ಜೊತೆ ಕೂತು ಮಾತಾಡಿ ಬಂದೆ. ಅವರು ಅಫೀಮಿನ ಸಾಲನ್ನು ಓದಿ ಸುಮ್ಮನೆ ತಲೆಯಾಡಿಸಿದರು. ನಿದ್ದೆ ಮಾತ್ರೆಯ ಸಾಲಿಗೆ ಬಂದಾಗ ಮಾತ್ರ ಕನ್ನಡಕ ತೆಗೆದು, "ಇದನ್ನ ಇವತ್ತೇ ಫೋನ್ ಮಾಡಿ ಹೇಳಿ" ಅಂದರು. ಪತ್ರಿಕೆ ಅಚ್ಚಾಗುವವರೆಗೆ ಕಾಯುವ ವಿಷಯ ಅದಲ್ಲ, ಅದಕ್ಕೇ ಅವತ್ತೇ ನಿಮಗೆ ಫೋನ್ ಬಂದಿದ್ದು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಇದೇ ಗೊಂದಲ ನಮ್ಮ ಜಿಲ್ಲೆಯ ಇನ್ನೂ ಎಷ್ಟೋ ಮನೆಗಳಲ್ಲಿದೆ. ನಿಮ್ಮ ಮನೆಯಲ್ಲಿ ಭಯ ಇದೆ, ಅದು ತಪ್ಪೂ ಅಲ್ಲ. ಆದರೆ ಎಲ್ಲಿ ಭಯ ಬೇಕೋ ಅಲ್ಲಿ ಇಲ್ಲ.

ಮೊದಲು ನಿದ್ದೆ ಮಾತ್ರೆ. ಮಾರ್ಫಿನ್ ಜಾಸ್ತಿಯಾದರೆ ಉಸಿರು ನಿಧಾನವಾಗುತ್ತದೆ. ಆಲ್ಪ್ರಾಜೋಲಾಂ, ಡಯಾಜೆಪಾಂ ಥರದ ನಿದ್ದೆ ಮಾತ್ರೆಗಳೂ ಮಂಪರು ತರಿಸಿ ಉಸಿರನ್ನು ಕುಗ್ಗಿಸುತ್ತವೆ. ಎರಡೂ ಸೇರಿದರೆ ಒಂದಕ್ಕೊಂದು ಬಲ ಕೊಟ್ಟುಕೊಳ್ಳುತ್ತವೆ. ನರದ ನೋವಿಗೆ ಕೊಡುವ ಪ್ರಿಗಬಾಲಿನ್, ಗ್ಯಾಬಪೆಂಟಿನ್ ಕೂಡ ಹಾಗೇ. ಎಣ್ಣೆ ಹಾಕುವ ಅಭ್ಯಾಸ ಇದ್ದರಂತೂ ಕೇಳುವುದೇ ಬೇಡ, ಒಂದು ಪೆಗ್ಗೂ ಕೂಡದು. ಕೆಲವು ಸಲ ಡಾಕ್ಟರೇ ಲೆಕ್ಕ ಹಾಕಿ ಎರಡು ಬಗೆಯ ಔಷಧಿಯನ್ನು ಜೊತೆಗೆ ಕೊಡುತ್ತಾರೆ, ಅದು ಬೇರೆ ಮಾತು. ನಿಮ್ಮಲ್ಲಿ ಆಗಿರುವುದು ಮೈಸೂರಿನವರಿಗೆ ಊರಿನ ಚೀಟಿ ಗೊತ್ತಿಲ್ಲ, ಊರಿನವರಿಗೆ ಮೈಸೂರಿನದ್ದು ಗೊತ್ತಿಲ್ಲ. ಹಾಗಂತ ತುಂಬಾ ದಿನದಿಂದ ನುಂಗುತ್ತಿರುವ ನಿದ್ದೆ ಮಾತ್ರೆಯನ್ನು ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ, ಅದರಿಂದಲೂ ತೊಂದರೆ ಇದೆ. ಮಾರ್ಫಿನ್ ಬರೆದವರಿಗೇ ಹೇಳಿ. ಮುಂದಿನ ಸಲ ಹೋಗುವಾಗ ಮನೆಯಲ್ಲಿರುವ ಎಲ್ಲಾ ಮಾತ್ರೆಗಳನ್ನೂ, ಬಿಪಿ ಶುಗರ್‌ದೂ ಸೇರಿಸಿ, ಒಂದು ಕವರಿಗೆ ತುಂಬಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ಬಾಯಲ್ಲಿ ಹೇಳಿದರೆ ಒಂದೆರಡು ಮರೆತೇ ಹೋಗುತ್ತವೆ.

ಈಗ ಅಕ್ಕಿ ಡಬ್ಬದ ವಿಷಯಕ್ಕೆ ಬರೋಣ. ಸಾಮಾನ್ಯ ಮಾರ್ಫಿನ್ ಮಾತ್ರೆ ಕೆಲಸ ಮಾಡುವುದು ಹೆಚ್ಚುಕಮ್ಮಿ 4 ಗಂಟೆ. ಅದಕ್ಕೇ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಅಂತ ಗಡಿಯಾರ ನೋಡಿ ಕೊಡುವುದು. ಮಧ್ಯರಾತ್ರಿ ಎಬ್ಬಿಸುವುದು ಬೇಡ ಅಂತ 10 ಗಂಟೆಗೆ ಎರಡು ಮಾತ್ರೆ ಬರೆಯುವ ಡಾಕ್ಟರುಗಳೂ ಇದ್ದಾರೆ. ನಿಮ್ಮ ಚೀಟಿಯಲ್ಲಿ ಹಾಗಿದ್ದರೆ ಮಾತ್ರ ಎರಡು ಕೊಡಿ. ನೋವು ಬರುವ ಮೊದಲೇ ಮಾತ್ರೆ ಒಳಗಿರಬೇಕು. ಗದ್ದೆ ಬಿರುಕು ಬಿಟ್ಟ ಮೇಲೆ ನಾಲೆ ನೀರು ಹಾಯಿಸಿದರೆ ಎಷ್ಟು ಕುಡಿಯುತ್ತದೆ ಅಂತ ನಿಮ್ಮ ಚಿಕ್ಕಪ್ಪನಿಗೆ ಹೇಳಿಕೊಡಬೇಕಾಗಿಲ್ಲ. ನೋವೂ ಹಾಗೇ. ಏರಿದ ಮೇಲೆ ಒಂದು ಮಾತ್ರೆಗೆ ಜಗ್ಗುವುದಿಲ್ಲ, ಇನ್ನೊಂದು ಬೇಕೆನಿಸುತ್ತದೆ. ಅವ್ವ ಭಯದಿಂದ ಕಡಿಮೆ ಕೊಡಲು ಹೋಗಿ, ಒಟ್ಟಿಗೇ ಜಾಸ್ತಿ ಕೊಡುವ ಪರಿಸ್ಥಿತಿ ತಂದುಕೊಳ್ಳುತ್ತಾರೆ. ಅಪ್ಪ "ಮಾತ್ರೆ ಕೊಡೇ" ಅಂತ ಕೂಗುವುದನ್ನು ನೋಡಿ ಚಿಕ್ಕಪ್ಪ "ನೋಡು, ಆಗಲೇ ಚಟ ಹತ್ತಿದೆ" ಅನ್ನುತ್ತಾರೆ. ಪಾಪ, ಆ ಮನುಷ್ಯ ಕೇಳುತ್ತಿರುವುದು ನೋವಿಗೆ. ನೋವು ಹಿಡಿತಕ್ಕೆ ಬಂದರೆ ಕೂಗುವುದೂ ನಿಲ್ಲುತ್ತದೆ.

ಚಟದ ಬಗ್ಗೆ ಇಷ್ಟು ತಿಳಿದಿರಲಿ. ಕೆಲವು ವಾರ ಮಾರ್ಫಿನ್ ತೆಗೆದುಕೊಂಡ ಯಾರ ಮೈಯಾದರೂ ಅದಕ್ಕೆ ಒಗ್ಗಿಕೊಳ್ಳುತ್ತದೆ. ತಟ್ಟನೆ ನಿಲ್ಲಿಸಿದರೆ ಬೆವರು, ನಡುಕ, ಭೇದಿ, ಚಡಪಡಿಕೆ ಬರುತ್ತದೆ. ಅದು ಚಟ ಹತ್ತಿದ್ದರ ಗುರುತಲ್ಲ. ಬೆನ್ನುಮೂಳೆಗೆ ಕರೆಂಟ್ ಕೊಟ್ಟ ಮೇಲೆ, ಅದೇ ರೇಡಿಯೇಷನ್, ಎಷ್ಟೋ ಜನರಿಗೆ ನೋವು ಇಳಿಯುತ್ತದೆ. ಆಗ ಡಾಕ್ಟರ್ ಮಾರ್ಫಿನ್ ಅನ್ನು ಹಂತಹಂತವಾಗಿ ಇಳಿಸುತ್ತಾರೆ. ನೀವಾಗಿಯೇ ನಿಲ್ಲಿಸದಿದ್ದರೆ ಸಾಕು. ಚಟಕ್ಕೆ ಬೀಳುವವರು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮೊದಲೇ ಕುಡಿತ ಇದ್ದವರಿಗೆ, ಕ್ಯಾನ್ಸರ್ ಅಲ್ಲದ ಹಳೇ ಸೊಂಟ ನೋವಿಗೆ ವರ್ಷಗಟ್ಟಲೆ ನುಂಗುವವರಿಗೆ ಆ ಅಪಾಯ ನಿಜವಾಗಿ ಇದೆ. ನಿಮ್ಮ ತಂದೆಯ ಪರಿಸ್ಥಿತಿ ಬೇರೆ. ಪಕ್ಕದ ಕೇರಳದಲ್ಲಿ, ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ 1993ರಲ್ಲಿ ನೋವಿನ ಕ್ಲಿನಿಕ್ ಒಂದು ಶುರುವಾಯಿತು. ಮಾರ್ಫಿನ್ ಮಾತ್ರೆಯನ್ನು ಮನೆಗೇ ಕೊಟ್ಟು ಕಳಿಸಿದರು. ಹಾಗೆ 2 ವರ್ಷದಲ್ಲಿ ಮಾತ್ರೆ ಪಡೆದ 1,723 ರೋಗಿಗಳ ಲೆಕ್ಕ ತೆಗೆದು ನೋಡಿದಾಗ ದುರುಪಯೋಗದ ಒಂದು ಪ್ರಕರಣವೂ ಕಾಣಲಿಲ್ಲ. 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಚಿಕ್ಕಪ್ಪನಿಗೆ ಈ ಲೆಕ್ಕ ಹೇಳಿ.

ಬೇಗ ಸಾಯಿಸುತ್ತದೆ ಅನ್ನುವ ಮಾತೂ ಅಷ್ಟೇ. ನೋವಿಗೆ ತಕ್ಕಷ್ಟು, ಕಡಿಮೆಯಿಂದ ಶುರು ಮಾಡಿ ಏರಿಸುತ್ತಾ ಹೋದ ಮಾರ್ಫಿನ್ ಆಯಸ್ಸು ಕಡಿಮೆ ಮಾಡುವುದಿಲ್ಲ. ನಮ್ಮಲ್ಲಿ ಅದನ್ನು ಕೊನೇ ಗಳಿಗೆಯಲ್ಲಿ ಕೊಡುವುದರಿಂದ, ಕೊಟ್ಟ ಮೇಲೆ ಹೋದರು ಅಂತ ಹೆಸರು ಬಂದಿದೆ.

ಇನ್ನೊಂದು ವಿಷಯ, ಪತ್ರದಲ್ಲಿ ನೀವು ಬರೆದಿಲ್ಲ, ಬಹುಶಃ ನಿಮಗೆ ಗೊತ್ತೂ ಇಲ್ಲ. ಅಪ್ಪನಿಗೆ ಸಂಡಾಸಿಗೆ ಸರಿಯಾಗಿ ಹೋಗುತ್ತಿದೆಯಾ? ಮಾರ್ಫಿನ್ ಹೊಟ್ಟೆ ಕಟ್ಟಿಸುತ್ತದೆ, ಹೆಚ್ಚುಕಮ್ಮಿ ಎಲ್ಲರಿಗೂ. ಮೊದಲ ಕೆಲವು ದಿನದ ವಾಕರಿಕೆ, ಮಂಪರು ತಾನಾಗಿ ಹೋಗುತ್ತವೆ. ಇದು ಮಾತ್ರ ಹೋಗುವುದಿಲ್ಲ, ಮಾತ್ರೆ ಇರುವಷ್ಟು ದಿನವೂ ಇರುತ್ತದೆ. ನಮ್ಮ ಕಡೆ ಗಂಡಸರು ಇದನ್ನು ಮಗಳ ಹತ್ತಿರ ಹೇಳಿಕೊಳ್ಳುವುದುಂಟಾ? ನಾಚಿಕೊಂಡು ಮುದ್ದೆ ಬಿಡುತ್ತಾರೆ, ಆಮೇಲೆ ಮಾತ್ರೆಯನ್ನೇ ಬೇಡ ಅನ್ನುತ್ತಾರೆ. ಮನೆಯವರು ಊಟ ಸೇರುತ್ತಿಲ್ಲ, ಕಾಯಿಲೆ ಜೋರಾಯಿತು ಅಂದುಕೊಳ್ಳುತ್ತಾರೆ. ಮಾರ್ಫಿನ್ ಶುರುವಾದ ದಿನವೇ ಮಲ ಸಡಿಲ ಮಾಡುವ ಔಷಧಿಯೂ ಶುರುವಾಗಬೇಕು. ಬಿಸಾಕೊಡಿಲ್ ಮಾತ್ರೆಯೋ, ಸೆನ್ನಾವೋ, ಲ್ಯಾಕ್ಟುಲೋಸ್ ಸಿರಪ್ಪೋ, ಏನು ಅಂತ ಡಾಕ್ಟರ್ ಹೇಳುತ್ತಾರೆ. ದಿನಾ ಕೊಡಬೇಕು, ಕಟ್ಟಿದಾಗ ನೋಡೋಣ ಅನ್ನಬಾರದು. ಬಾಳೆಹಣ್ಣು, ಸೊಪ್ಪು, ನೀರು ಒಳ್ಳೆಯದೇ, ಆದರೆ ಅಷ್ಟಕ್ಕೇ ಸಾಲದು. ಇಸಬ್‌ಗೋಲ್ ಬೇಡ. ನೀರು ಕಡಿಮೆ ಕುಡಿಯುವ ರೋಗಿಗೆ ಅದು ಇನ್ನೂ ಗಟ್ಟಿಯಾಗಿ ಕೂರುತ್ತದೆ. ನೀವು ಕೇಳಲು ಮುಜುಗರ ಆದರೆ ಅವ್ವನ ಕೈಲಿ ಕೇಳಿಸಿ. ಮೂರು ದಿನ ಹೋಗಿಲ್ಲ ಅಂದರೆ ಆಸ್ಪತ್ರೆಗೆ ಫೋನ್ ಮಾಡಿ.

ಗಂಜಿಗೆ ಪುಡಿ ಹಾಕುವ ಬಗ್ಗೆ. ಸಾಮಾನ್ಯ 10 ಮಿಲಿಗ್ರಾಂ ಮಾತ್ರೆಯಾದರೆ ಪುಡಿ ಮಾಡಿದರೂ ನಡೆಯುತ್ತದೆ. ಆದರೆ ಗಂಜಿ ಅರ್ಧ ಕುಡಿದು ಲೋಟ ಕೆಳಗಿಟ್ಟರೆ ಎಷ್ಟು ಒಳಗೆ ಹೋಯಿತು ಅಂತ ಗೊತ್ತಾಗುವುದು ಹೇಗೆ? ಒಂದು ಚಮಚ ನೀರಿನಲ್ಲಿ ಕೊಟ್ಟು ಆಮೇಲೆ ಗಂಜಿ ಕೊಡಿ. ಮುಂದೆ ಡಾಕ್ಟರ್ 12 ಗಂಟೆಗೊಂದು ನುಂಗುವ ಎಸ್‌ಆರ್ ಮಾತ್ರೆಗೆ ಬದಲಾಯಿಸಿದರೆ ಅದನ್ನು ಮಾತ್ರ ಯಾವ ಕಾರಣಕ್ಕೂ ಪುಡಿ ಮಾಡಬೇಡಿ, ಅಗಿಯಲು ಬಿಡಬೇಡಿ. ನಿಧಾನವಾಗಿ ಬಿಡಬೇಕಾದ ಔಷಧಿ ಅಷ್ಟೂ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ನುಂಗಲಾಗದವರಿಗೆ ಮಾರ್ಫಿನ್ ಜಾತಿಯದೇ ಆದ ಫೆಂಟಾನಿಲ್ ಔಷಧಿಯ ಪಟ್ಟಿಯನ್ನು ಚರ್ಮಕ್ಕೆ ಅಂಟಿಸುವುದೂ ಇದೆ, ಒಂದು ಪಟ್ಟಿ 3 ದಿನಕ್ಕೆ. ಅದರ ಮೇಲೆ ಬಿಸಿನೀರಿನ ಚೀಲ, ಶಾಖ ಇಡಬಾರದು. ಬಿಸಿಗೆ ಔಷಧಿ ಜಾಸ್ತಿ ಇಳಿಯುತ್ತದೆ. ತೆಗೆದ ಪಟ್ಟಿಯಲ್ಲೂ ಔಷಧಿ ಉಳಿದಿರುತ್ತದೆ, ಮಕ್ಕಳ ಕೈಗೆ ಸಿಗಬಾರದು.

ಒಂದು ಹೊತ್ತು ಮರೆತರೆ ಮುಂದಿನ ಸಲ ಎರಡು ಕೊಟ್ಟು ಸರಿದೂಗಿಸಬೇಡಿ. ನಡುವೆ ನೋವು ತಟ್ಟನೆ ಏರಿದರೆ ಹೆಚ್ಚುವರಿ ಮಾತ್ರೆ ಎಷ್ಟು ಕೊಡಬಹುದು ಅಂತ ಮೊದಲೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಕೊಟ್ಟದ್ದನ್ನೆಲ್ಲಾ ಒಂದು ನೋಟ್‌ಬುಕ್‌ನಲ್ಲಿ ಗುರುತು ಹಾಕಿ: ಗಂಟೆ, ಎಷ್ಟು ಮಾತ್ರೆ, ನೋವು ಹೇಗಿತ್ತು. ಹಾಲಿನ ಡೈರಿಗೆ ಹಾಕಿದ ಲೆಕ್ಕ ಬರೆಯುವ ಮನೆಯಲ್ಲಿ ಇದೇನು ಕಷ್ಟ ಅಲ್ಲ. ಮನೆಯಲ್ಲಿ ಒಬ್ಬರೇ ಕೊಡಬೇಕು, ಅಥವಾ ಕೊಡುವವರೆಲ್ಲಾ ಅದೇ ಪುಸ್ತಕ ನೋಡಬೇಕು. ಅವ್ವ ಒಂದು ಕೊಟ್ಟಿದ್ದು ಗೊತ್ತಿಲ್ಲದೆ ಮಗ ಬಂದು ಇನ್ನೊಂದು ಕೊಡುವುದು ಹೀಗೇ ತಪ್ಪುವುದು. ಮೆಡಿಕಲ್‌ನಿಂದ ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ತಂದು ಜೊತೆಗೆ ಕೊಡುವುದೂ ಬೇಡ, ಕಿಡ್ನಿಗೆ ಏಟು.

ಕಿಡ್ನಿ ಅಂದೆನಲ್ಲ, ನಿಮ್ಮ ತಂದೆಯ ಕಾಯಿಲೆಯಲ್ಲಿ ಅದನ್ನು ಗಮನಿಸಲೇಬೇಕು. ಪ್ರಾಸ್ಟೇಟ್ ತೊಂದರೆಯಲ್ಲಿ ಮೂತ್ರ ಕಟ್ಟಿಕೊಳ್ಳಬಹುದು, ಮಾರ್ಫಿನ್ ಕೂಡ ಮೂತ್ರ ಕಟ್ಟಿಸಬಹುದು. ಮಾರ್ಫಿನ್‌ನ ಉಳಿಕೆ ಹೊರಗೆ ಹೋಗುವುದು ಕಿಡ್ನಿಯಿಂದ. ಮೂತ್ರ ಕಡಿಮೆಯಾಯಿತೆಂದರೆ ಅದೇ ಹಳೇ ಲೆಕ್ಕದ ಮಾತ್ರೆ ಮೈಯಲ್ಲಿ ಶೇಖರವಾಗುತ್ತಾ ಹೋಗುತ್ತದೆ. ಮೂತ್ರ ಕಮ್ಮಿ, ಕೈಕಾಲು ತಾನಾಗಿ ಎಗರುವುದು, ಸಂಬಂಧವಿಲ್ಲದ ಮಾತು, ಇವು ಕಂಡರೆ ಮರುದಿನಕ್ಕೆ ಕಾಯಬೇಡಿ. ಹಾಗೆಯೇ ಕಾಲು ದಿಢೀರನೆ ಸೋತು ಬಂದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಬೆನ್ನುಹುರಿ ಒತ್ತುತ್ತಿರಬಹುದು. ಅದು ಮಾತ್ರೆಯಿಂದ ಹೋಗುವುದಲ್ಲ, ಅವತ್ತೇ ಆಸ್ಪತ್ರೆ.

ಮಲಗಿದವರನ್ನು ಕರೆದರೆ ಕಣ್ಣು ಬಿಟ್ಟು ಮಾತಾಡಿದರೆ ಸರಿ. ತುಂಬಾ ದಿನ ನೋವಿಗೆ ನಿದ್ದೆ ಕೆಟ್ಟವರು ನೋವು ಇಳಿದ ಮೇಲೆ ಗಡದ್ದಾಗಿ ನಿದ್ದೆ ಹೊಡೆಯುತ್ತಾರೆ. ಕರೆದರೂ, ಅಲುಗಿಸಿದರೂ ಏಳದಿದ್ದರೆ, ಗೊರಗೊರ ಸದ್ದು ಬರುತ್ತಿದ್ದರೆ, ತುಟಿ ನೀಲಿಯಾದರೆ 108ಕ್ಕೆ ಫೋನ್ ಮಾಡಿ. ಜೊತೆಗೆ ಕಣ್ಣಪಾಪೆಯೂ ಸೂಜಿಮೊನೆಯಷ್ಟು ಚಿಕ್ಕದಾಗಿದ್ದರೆ ಅದನ್ನು ಹೇಳಿ. ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ಹತ್ತಕ್ಕಿಂತ ಕಡಿಮೆ ಇದ್ದರೆ ಅದನ್ನೂ ಹೇಳಿ. ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಮಂಪರು ಇಳಿಯಲಿ ಅಂತ ಮಜ್ಜಿಗೆ, ನಿಂಬೆಹಣ್ಣಿನ ರಸ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮಾತ್ರೆಯ ಸ್ಟ್ರಿಪ್ಪನ್ನು ಜೊತೆಗೇ ಕಳಿಸಿ. ಮಾರ್ಫಿನ್‌ಗೆ ತಿರುಗೇಟು ಕೊಡುವ ನಲೋಕ್ಸೋನ್ ಇಂಜೆಕ್ಷನ್ ಇದೆ. ಏನು ನುಂಗಿದ್ದಾರೆ ಅಂತ ಗೊತ್ತಾದರೆ ಬೇಗ ಕೊಡುತ್ತಾರೆ.

ಅವ್ವನ ವಾಂತಿ ವಾಂತಿಯಲ್ಲೇ ಮುಗಿದದ್ದು ಪುಣ್ಯ. ಒಬ್ಬರಿಗೆ ಬರೆದ ಮಾರ್ಫಿನ್, ಅದೇ ಜಾತಿಯ ನೋವಿನ ಮಾತ್ರೆ ಟ್ರಮಡಾಲ್, ಇನ್ನೊಬ್ಬರ ಮಂಡಿಗಲ್ಲ. ಕಬ್ಬು ಕಡಿದು ಬಂದು "ಜೋರಾದ್ದು ಒಂದು ಕೊಡಿ" ಅಂತ ಮೆಡಿಕಲ್‌ನಲ್ಲಿ ಕೇಳುವವರಿಗೂ ಇದೇ ಮಾತು. ಫಿಟ್ಸ್ ಇರುವವರಿಗೆ ಟ್ರಮಡಾಲ್‌ನಿಂದ ಫಿಟ್ಸ್ ಬರಬಹುದು. ಮಾತ್ರೆ ಅಕ್ಕಿ ಡಬ್ಬದಲ್ಲಿ ಬೇಡ, ಬೀರುವಿನಲ್ಲಿ ಬೀಗ ಹಾಕಿಡಿ. ಕೀಲಿ ಒಬ್ಬರ ಹತ್ತಿರ ಇರಲಿ. ಮನೆಗೆ ಮೊಮ್ಮಕ್ಕಳು ಬರುತ್ತಾರೆ, ನೋವಿನ ಮಾತ್ರೆಗೆ ಬಿದ್ದ ಹುಡುಗರೂ ಊರಲ್ಲಿ ಇರಬಹುದು. ಉಳಿದದ್ದನ್ನು ಎಣಿಸಿ ಆಸ್ಪತ್ರೆಗೇ ವಾಪಸ್ ಕೊಡಿ.

ಮಾರ್ಫಿನ್ ಎಲ್ಲಾ ಮೆಡಿಕಲ್‌ಗಳಲ್ಲೂ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ರಗಳೆಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ತಿದ್ದುಪಡಿ ಆಗಿ, ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ದಾರಿ ಸುಲಭವಾಯಿತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಅಫೀಮು ಬೆಳೆಸುತ್ತದೆ, ಹೊರದೇಶಕ್ಕೂ ಕಳಿಸುತ್ತದೆ. ಮಂಡ್ಯದ ರೈತನೊಬ್ಬ ಮಾತ್ರ ಅದೇ ಔಷಧಿಗೆ ಬಸ್ಸು ಹತ್ತಿ ಮೈಸೂರಿಗೆ ಹೋಗಬೇಕು. ಇದರ ಮೇಲೆ ಸಿಟ್ಟು ಬರುವುದು ನ್ಯಾಯವೇ. ಸದ್ಯಕ್ಕೆ ನೀವು ಮಾಡಬಹುದಾದ್ದು, ಐದು ದಿನದ ಮಾತ್ರೆ ಉಳಿದಿರುವಾಗಲೇ ಹೊರಡುವುದು. ಶನಿವಾರ ಸಂಜೆ ಖಾಲಿಯಾದರೆ ಯಾರನ್ನು ಕೇಳುತ್ತೀರಿ? ಮನೆಯಲ್ಲಿ ನೋಡಿಕೊಳ್ಳುವುದು ಕೈಮೀರಿತು ಅನ್ನಿಸಿದರೆ ಬೆಂಗಳೂರಿನ ಕರುಣಾಶ್ರಯ ಇದೆ, ಕ್ಯಾನ್ಸರ್ ಕೊನೇ ಹಂತದವರನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ.

ಚಿಕ್ಕಪ್ಪನ ಜೊತೆ ವಾದಕ್ಕೆ ಇಳಿಯಬೇಡಿ. ಅಣ್ಣನ ಮೇಲೆ ಪ್ರೀತಿ ಇರುವುದಕ್ಕೇ ಅವರು ಅಡ್ಡ ಬರುತ್ತಿರುವುದು. ಮುಂದಿನ ಸಲ ಮೈಸೂರಿಗೆ ಅವರನ್ನೂ ಕರೆದುಕೊಂಡು ಹೋಗಿ. ಅಫೀಮಿನ ಪ್ರಶ್ನೆಯನ್ನು ಡಾಕ್ಟರ ಎದುರೇ ಕೇಳಲಿ. ಉತ್ತರ ಒಪ್ಪಿಗೆಯಾದರೆ, ತಿಂಗಳ ಮಾತ್ರೆ ತರುವ ಕೆಲಸವನ್ನೂ ಸ್ಟ್ರಿಪ್ ಎಣಿಸುವ ಲೆಕ್ಕವನ್ನೂ ಅವರಿಗೇ ವಹಿಸಿಬಿಡಿ.

– ಸಂಪಾದಕ